ತಪ್ಪಾಗೈತಿ

ಬೇವಿನ ಕಡ್ಡಿ ಕಚ್ಚಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತಾಗ ಗಾದಿಲಿಂಗಪ್ಪನವರು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಆ ದಿನ ಕೋಲಾಟದ ಕ್ಲಾಸಿನ ಓಬಣ್ಣನ ಜೊತೆ ಆಡಬೇಕಾಗಿ ಬರಬಹುದಾದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿ, ಒಂದೊಂದರ ಬಾಲ ಕತ್ತರಿಸಿ ಇಟ್ಟುಕೊಳ್ಳುವುದು. ‘ಕೋಲು ಕೊಡು’ ಅನ್ನುವಂತಿಲ್ಲ, ಕಾಲ ಹಾಗಿಲ್ಲ. ‘ಕೋಲು ಕೊಡ್ರಿ’ ಅನ್ನಲು ನಾಲಿಗೆ ಏಳುವುದಿಲ್ಲ. ಆದ್ದರಿಂದ ‘ಕೋಲು ಬೇಕಾಗಿತ್ತು’. ‘ನಾಳೆ ಬರ್ತೀಯೇನು’ ಅಲ್ಲ, ‘ನಾಳೆ ಬರ್ತೀರೇನು’ ಅಂತೂ ಅಲ್ಲವೇ ಅಲ್ಲ. ‘ನಾಳೆ ಕ್ಲಾಸು ಐತೋ ಇಲ್ಲೋ’. ನೀನು ಎಂಬುದಿಲ್ಲ, ನೀವು ಎಂಬುದಿಲ್ಲ, ಹೆಸರಿಲ್ಲ. ಮೂವತ್ತೆರಡು ವರ್ಷ ಮಕ್ಕಳಿಗೆ ಕರ್ತೃ ಕರ್ಮ ಕ್ರಿಯಾಪದ ಉರು ಹೊಡೆಸಿದವರು ಈ ಇಳಿವಯಸ್ಸಿನಲ್ಲಿ ಕರ್ತೃವೇ ಇಲ್ಲದ ವಾಕ್ಯಗಳನ್ನು ಹುಡುಕಿಕೊಂಡು ಕೂಡುವಂತಾಯಿತಲ್ಲ ಎಂದು ಒಮ್ಮೊಮ್ಮೆ ತಮಗೇ ನಗು ಬರುತ್ತಿತ್ತು. ಇವತ್ತು ನಗು ಬರಲಿಲ್ಲ. ಇವತ್ತು ಮೈಲಾರಪ್ಪ ಸಾವ್ಕಾರರು ಕ್ಲಾಸು ನೋಡಲು ಬರುವವರಿದ್ದರು. ಬಾಯಿ ಮುಕ್ಕಳಿಸುವಾಗ ನೀರು ಎಂದಿನಂತೆ ಎಡಗಡೆಯ ತುಟಿಯಿಂದ ಸೋರಿ ಅಂಗಿಯ ಮೇಲೆ ಬಿತ್ತು. ಹೆಂಡತಿ ಕೊಟ್ರಬಸಮ್ಮ ಬೇರೆ ಅಂಗಿ ತಂದಿಟ್ಟು ಒಳಗೆ ಹೋದರು.

ಹೋದ ವರ್ಷ, ಎಪ್ಪತ್ತೆಂಟರ ದೀಪಾವಳಿ ಕಳೆದ ವಾರ, ಊಟದ ತಟ್ಟೆಯ ಮುಂದೆ ಕೂತವರಿಗೆ ಎದ್ದೇಳಲು ಆಗಿರಲಿಲ್ಲ. ಎಡಗಾಲು ತಮ್ಮದೇ ಹೌದೋ ಅಲ್ಲವೋ ಎನ್ನುವ ಹಾಗೆ ಬಿದ್ದಿತ್ತು. ಲಕ್ವ ಎಂದರು. ದೊಡ್ಡ ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಆಮೇಲೆ ಮನೆಯಲ್ಲಿ ಎಣ್ಣೆ, ಕಾವು, ಗೋಡೆ ಹಿಡಿದು ನಡೆಯುವುದು, ಪಾಯಖಾನೆಗೆ ಹೋಗಲು ಹೆಂಡತಿಯ ಹೆಗಲು. ಕುರುಗೋಡಿನವರಾದ ಡಾಕ್ಟರ್ ಚಿದಾನಂದಪ್ಪ, ಕೊಟ್ರಬಸಮ್ಮನ ತವರಿನ ಪರಿಚಯದವರು, ಒಂದು ದಿನ ಬಂದು ಮೊಣಕಾಲು ತಟ್ಟಿ ನೋಡಿ ಹೇಳಿದ್ದರು: “ಸರ, ಗುಳಿಗಿ ನಾ ಕೊಡ್ತೀನಿ. ಕಾಲು ಎತ್ತಬೇಕಾದವ್ರು ನೀವ. ಬರೇ ಎತ್ತು ಅಂದ್ರ ಅದು ಎತ್ತಂಗಿಲ್ಲ. ತಾಳ ಹಾಕಿದ್ರ ತಾನ ಏಳತೈತಿ. ಬ್ರೂಸ್‌ಪೇಟೆಯಾಗ ಮೈಲಾರಪ್ಪನೋರ ಅಂಗಡಿ ಮಾಳಿಗಿ ಮ್ಯಾಲ ದಿನಾ ಮುಂಜಾನಿ ಕೋಲಾಟ ಹಚ್ಚೀನಿ. ಸಕ್ರಿ ಕಾಯಿಲಿಯೋರು, ಮೊಣಕಾಲು ಹಿಡ್ದೋರು, ನಿಮ್ಮಂಥೋರು ಎಲ್ಲಾ ಬರ್ತಾರ. ನಗಬ್ಯಾಡ್ರಿ. ನಾನೂ ಮೊದಲು ನಕ್ಕಿದ್ದೆ. ಒಂದು ಕೇರಿಗೆ ರೋಗಿ ನೋಡಾಕ ಹೋದಾಗ ಎಪ್ಪತ್ತು ದಾಟಿದ ಮುದುಕ್ರು ಜಡಿ ಕೋಲಾಟ ಆಡೋದು ನೋಡಿದೆ. ಒಬ್ರ ಮೊಣಕಾಲೂ ಬಾತಿರಲಿಲ್ಲ.” ಕುಣಿಯುವುದೇ ಎಂದು ಗಾದಿಲಿಂಗಪ್ಪನವರಿಗೆ ಮೈಯೆಲ್ಲ ಹಿಡಿಯಾಗಿತ್ತು. ಆದರೆ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ಪಾಯಖಾನೆಗೆ ಹೋಗುವುದಕ್ಕಿಂತ ಅದು ದೊಡ್ಡ ಅವಮಾನವೇನಲ್ಲ ಎಂದುಕೊಂಡು ಒಪ್ಪಿದ್ದರು.

ಮೊದಲ ದಿನ ಹದಿನಾಲ್ಕು ಮರದ ಮೆಟ್ಟಿಲುಗಳನ್ನು ಇಬ್ಬರು ಹಿಡಿದು ಹತ್ತಿಸಿದ್ದರು. ಮೇಲೆ ಹತ್ತಿಕಾಳಿನ ವಾಸನೆ ಹೊಡೆಯುವ ಉದ್ದನೆಯ ಕೋಣೆ. ನಡುತೊಲೆಗೆ ಒಂದು ಕಬ್ಬಿಣದ ಬಳೆ, ಬಳೆಯಿಂದ ಇಳಿಬಿದ್ದ ಎಂಟು ಬಣ್ಣದ ಎಂಟು ಹಗ್ಗ. ಗೋಡೆಗೊರಗಿ ಕೂತು ಉಸಿರು ಹಿಡಿಯುತ್ತಿದ್ದಾಗ ಹಿಂದಿನಿಂದ ಒಂದು ಹೆಣ್ಣುದನಿ, “ಮಾಸ್ತರ್ರ, ಒಂಚೂರು ಇಲ್ಲಿ ನೋಡ್ರಿ” ಎಂದಿತು. ಮೂವತ್ತೆರಡು ವರ್ಷದ ಅಭ್ಯಾಸ, ತಟ್ಟನೆ ತಿರುಗಿ, “ಏನಮ್ಮಾ?” ಎಂದರು. ಕರೆದದ್ದು ನಿವೃತ್ತ ನರ್ಸು ದೊಡ್ಡಬಸಮ್ಮ. ಆಕೆ ಕರೆದದ್ದು ಇವರನ್ನಲ್ಲ. ಮೂಲೆಯಲ್ಲಿ ಕೋಲುಗಳನ್ನು ಒರೆಸಿ ಇಡುತ್ತಿದ್ದ ಕಪ್ಪನೆಯ, ತೆಳ್ಳನೆಯ, ನರೆತ ಮೀಸೆಯ ಮನುಷ್ಯನನ್ನು. ಎಲ್ಲರೂ ನಕ್ಕರು, ಕೆಟ್ಟ ನಗುವೇನಲ್ಲ. ಆ ಮನುಷ್ಯ ಮಾತ್ರ ನಗಲಿಲ್ಲ. ಎದ್ದು ಬಂದ, ದೊಡ್ಡಬಸಮ್ಮನ ಮೊಣಕಾಲನ್ನು ನೋಡಿದ, ಆಮೇಲೆ ಇವರ ಕಡೆ ತಿರುಗಿ ಇವರ ಎಡಗಾಲನ್ನೇ ನೋಡುತ್ತ ನಿಂತ. ಮುಖ ನೋಡಲಿಲ್ಲ. ಗಾದಿಲಿಂಗಪ್ಪನವರು ಅವನ ಮುಖ ನೋಡಿದರು. ಎಡಗಿವಿಯ ತುದಿ ಹರಿದಿತ್ತು. ಆ ಕಿವಿಯನ್ನು ಅವರು ಬಲ್ಲರು. ಅದು ಕೆಂಚನಗುಡ್ಡದ ಓಬ್ಯಾ.

ಹಾಗೆಯೇ ಕರೆಯುತ್ತಿದ್ದದ್ದು, ಸಿರುಗುಪ್ಪದ ಕಡೆಯ ಆ ಹಳ್ಳಿ ಶಾಲೆಯಲ್ಲಿ. ಓಬಣ್ಣ ಎಂದು ಕರೆದರೆ ಹೆಸರಿನೊಳಗೇ ಒಬ್ಬ ಅಣ್ಣ ಇದ್ದಾನೆ, ಅವನನ್ನು ಕೇರಿಯವನಿಗೆ ಹೇಗೆ ಕೊಡುವುದು. ಅದಕ್ಕೇ ಊರಿನವರು ಅಣ್ಣನನ್ನು ಕತ್ತರಿಸಿ ಓಬ್ಯಾ ಎನ್ನುತ್ತಿದ್ದರು. ಅಲ್ಲಿ ಹೆಡ್‌ಮಾಸ್ತರರಾಗಿದ್ದ ಗಾದಿಲಿಂಗಪ್ಪನವರೂ ಹಾಗೇ ಅಂದರು. ಅವನು ಶಾಲೆಯ ತಾತ್ಪೂರ್ತಿಕ ಜವಾನ. ಗಂಟೆ ಬಾರಿಸುತ್ತಿದ್ದ, ಕಸ ಹೊಡೆಯುತ್ತಿದ್ದ, ಆಗಸ್ಟ್ ಹದಿನೈದಕ್ಕೆ ಮಕ್ಕಳಿಗೆ ಜಡೆ ಕೋಲಾಟ ಕಲಿಸುತ್ತಿದ್ದ. ಐವತ್ತೆಂಟನೆಯ ಇಸವಿ, ಇನ್‌ಸ್ಪೆಕ್ಟರು ಬರುವವರಿದ್ದರು. ಹಿಂದಿನ ದಿನ ಸಾಯಂಕಾಲ ಗಾದಿಲಿಂಗಪ್ಪನವರೇ ಒಬ್ಬ ಹುಡುಗನನ್ನು ತೆಗೆಸಿ ಅಲ್ಲಿ ತಮ್ಮ ಮಗನನ್ನು ನಿಲ್ಲಿಸಿದ್ದರು. “ಸರ, ಇವರಿಗೆ ಒಳಗ-ಹೊರಗ ಇನ್ನಾ ಗೊತ್ತಾಗಂಗಿಲ್ರಿ” ಎಂದು ಓಬಣ್ಣ ಹೇಳಿದ್ದ. ಏಳು ವರ್ಷದ ಹುಡುಗನಿಗೆ ಇವರು ಎನ್ನುತ್ತಿದ್ದ. ಮರುದಿನ ಇನ್‌ಸ್ಪೆಕ್ಟರ ಎದುರಿಗೇ ಗಂಟು ಬಿತ್ತು. ಜಡೆ ಕೋಲಾಟದಲ್ಲಿ ನಾಲ್ವರು ಬಲಕ್ಕೆ, ನಾಲ್ವರು ಎಡಕ್ಕೆ. ಎದುರು ಬಂದ ಒಬ್ಬರ ಒಳಗಿನಿಂದ, ಮುಂದಿನವರ ಹೊರಗಿನಿಂದ ಹಾಯಬೇಕು. ಹಗ್ಗಗಳು ಮೇಲಿನಿಂದ ಹೆಣೆದುಕೊಂಡು ಬರುತ್ತವೆ. ಮೊಳದುದ್ದ ಜಡೆಯಾದ ಮೇಲೆ ಮುಖ ತಿರುಗಿಸಿ ಅದೇ ಲೆಕ್ಕದಲ್ಲಿ ಬಿಚ್ಚಿಕೊಳ್ಳಬೇಕು. ಒಬ್ಬ ತಪ್ಪಿದರೆ ಆ ಕ್ಷಣಕ್ಕೆ ಯಾರಿಗೂ ತಿಳಿಯುವುದಿಲ್ಲ, ಬಿಚ್ಚುವಾಗ ಎಲ್ಲರೂ ಸಿಕ್ಕಿಕೊಳ್ಳುತ್ತಾರೆ. ಆದರೆ ಜಡೆ ಓದಬಲ್ಲವನಿಗೆ ಯಾವ ಬಣ್ಣದ ಹಗ್ಗ ಎಲ್ಲಿ ಮೇಲೆ ಬಂದಿದೆ ಎಂಬುದರಿಂದಲೇ ತಪ್ಪಿದವರು ಯಾರೆಂದು ಗೊತ್ತಾಗುತ್ತದೆ. ಓಬಣ್ಣ ತಲೆಯೆತ್ತಿ ಗಂಟನ್ನು ನೋಡಿದ, ಹಳದಿ ಹಗ್ಗ ಹಿಡಿದ ಹೆಡ್‌ಮಾಸ್ತರರ ಮಗನನ್ನು ನೋಡಿದ, ಹೆಡ್‌ಮಾಸ್ತರರನ್ನು ನೋಡಿದ, ಸುಮ್ಮನಾದ. ಇನ್‌ಸ್ಪೆಕ್ಟರು ಗಡಿಯಾರ ನೋಡಿಕೊಂಡರು. ಆ ವಾರವೇ ಗಾದಿಲಿಂಗಪ್ಪನವರು ತಮ್ಮ ದುಂಡನೆಯ ಅಕ್ಷರಗಳಲ್ಲಿ ಬರೆದರು: ಸದರಿ ಜವಾನನ ಅಜಾಗರೂಕತೆಯಿಂದ ತಪ್ಪಾಗಿರುತ್ತದೆ. ಮುಂದಿನ ತಿಂಗಳಿನಿಂದ ಗಂಟೆ ಬಾರಿಸಲು ಬೇರೆಯವನು ಬಂದ. ಮಗ ಈಗ ಹೊಸಪೇಟೆಯಲ್ಲಿ ಓವರ್‌ಸಿಯರ್, ಅವನಿಗೆ ಯಾವ ಹಗ್ಗದ ನೆನಪೂ ಇಲ್ಲ.

ಓಬಣ್ಣನಿಗೆ ನೆನಪಿದೆಯೋ ಇಲ್ಲವೋ, ಇದೇ ನಾಲ್ಕು ತಿಂಗಳಿನಿಂದ ಗಾದಿಲಿಂಗಪ್ಪನವರನ್ನು ತಿನ್ನುತ್ತಿದ್ದ ವಿಷಯ. ಅವನು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಇವರ ಎಡಗೈಗೂ ಹಿಡಿತವಿಲ್ಲವೆಂದು ಹಸಿರು ಹಗ್ಗದ ತುದಿಯನ್ನು ದಿನಾ ತಾನೇ ಇವರ ಮಣಿಕಟ್ಟಿಗೆ ಸುತ್ತಿ ಕಟ್ಟುತ್ತಿದ್ದ. ಕಟ್ಟುವ ಮೊದಲು, ಮೊದಲ ದಿನದ ಹಾಗೆಯೇ, ಒಂದು ಗಳಿಗೆ ನಿಂತು ಕಾಯುತ್ತಿದ್ದ. ಇವರು ಕೈ ಚಾಚಿದ ಮೇಲೆಯೇ ಮುಟ್ಟುತ್ತಿದ್ದ. ಆ ಒಂದು ಗಳಿಗೆಯನ್ನು ಸಹಿಸುವುದು ಗಾದಿಲಿಂಗಪ್ಪನವರಿಗೆ ಕಷ್ಟವಾಗುತ್ತಿತ್ತು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದರು. ಅವನ ಬೆರಳು ಬೆಚ್ಚಗಿದ್ದವು, ಹತ್ತಿ ಬಿಡಿಸುವ ಜಿನ್ನಿನಲ್ಲಿ ಇಪ್ಪತ್ತು ವರ್ಷ ಮೂಟೆ ಹೊತ್ತು ಒರಟಾಗಿದ್ದವು. ಗಂಟನ್ನು ಮಾತ್ರ ಹೂವಿನ ಸರದಷ್ಟು ಹಗುರಾಗಿ ಕಟ್ಟುತ್ತಿದ್ದ. “ಹಿಮ್ಮಡ ಮೊದಲು. ಬೆರಳು ಆಮ್ಯಾಲ. ಕಾಲು ಎಳೀಬ್ಯಾಡ್ರಿ, ಇಡ್ರಿ” ಎನ್ನುತ್ತಿದ್ದ. ಆ ಮಾತಿಗೆ ಕಾಲು ನಿಜವಾಗಿಯೂ ಏಳತೊಡಗಿತ್ತು. ಮೂರನೆಯ ತಿಂಗಳಿನಲ್ಲಿ ಮೆಟ್ಟಿಲುಗಳನ್ನು ಒಬ್ಬರೇ ಹತ್ತಿದರು. ಅವತ್ತು ಮನೆಗೆ ಬಂದು ಪಾಯಖಾನೆಗೆ ತಾವೇ ಹೋಗಿ ಬಾಗಿಲು ಹಾಕಿಕೊಂಡು, ಚಿಲಕ ಜಡಿದು, ಒಳಗೆ ಕೂತು ಅತ್ತರು. ಕಾಲು ಕೊಟ್ಟವನಿಗೆ ಒಂದು ರಿ ಕೊಡಲು ಆಗದ ನಾಲಿಗೆ ಎಂಥ ನಾಲಿಗೆ ಎಂದು ಅನಿಸದೆ ಇರಲಿಲ್ಲ. ಆದರೆ ನಾಲಿಗೆ ಅರವತ್ತೊಂದು ವರ್ಷದ್ದು, ಅದಕ್ಕೆ ಯಾವ ಡಾಕ್ಟರೂ ತಾಳ ಹಚ್ಚಿರಲಿಲ್ಲ.

ಇವತ್ತು ಮೈಲಾರಪ್ಪ ಬಂದಾಗ ಆಗಲೇ ಎಂಟು ಜನ ಹಗ್ಗ ಹಿಡಿದು ನಿಂತಿದ್ದರು. ಹತ್ತಿಕಾಳಿನ ಸುಗ್ಗಿ ಹತ್ತಿರ ಬಂದಿತ್ತು, ಮಾಳಿಗೆಗೆ ಮೂಟೆ ಏರಿಸಬೇಕೆಂದು ಅವರು ಎರಡು ವಾರದಿಂದ ಅನ್ನುತ್ತಿದ್ದರು. ಡಾಕ್ಟರು ಒಮ್ಮೆ ಬಂದು ಕಣ್ಣಾರೆ ನೋಡಿ ಆಮೇಲೆ ಹೇಳಿ ಎಂದು ಕೇಳಿಕೊಂಡಿದ್ದರು. ಬೇರೆ ಜಾಗವಿಲ್ಲವೇ ಎಂದು ಗಾದಿಲಿಂಗಪ್ಪನವರು ಹಿಂದಿನ ದಿನ ವಿಚಾರಿಸಿದ್ದಕ್ಕೆ ಡಾಕ್ಟರು ದನಿ ತಗ್ಗಿಸಿ, “ಮೂರು ಕಡೆ ಕೇಳೀನ್ರಿ. ಕಲಿಸೋರು ಯಾರು ಅಂತ ಕೇಳ್ತಾರ. ಹೇಳಿದ ಮ್ಯಾಲ ಜಾಗ ಇಲ್ಲ ಅಂತಾರ” ಎಂದಿದ್ದರು. ಹಾಗಾಗಿ ಈ ಒಂದು ಮುಂಜಾನೆ ಸರಿಹೋಗಬೇಕಿತ್ತು, ಅಷ್ಟೆ. ಮೈಲಾರಪ್ಪ ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿಕೊಂಡು, “ನಡೀಲಿ” ಎಂದರು. ಓಬಣ್ಣ ಗೋಡೆಯ ಬದಿಗೆ ನಿಂತು ಎರಡು ಕೋಲು ಬಡಿದು ತಾಳ ಹಿಡಿದ. ಒಳಗ, ಹೊರಗ. ಒಳಗ, ಹೊರಗ. ದೊಡ್ಡಬಸಮ್ಮ ಎದುರು ಬಂದರು, ಒಳಗಿನಿಂದ ಹಾದರು. ಒಬ್ಬ ಸಕ್ಕರೆ ಕಾಯಿಲೆಯ ವಕೀಲರು ಬಂದರು, ಹೊರಗಿನಿಂದ. ಕೋಲಿಗೆ ಕೋಲು ತಾಗಿದ ಸದ್ದು ಮೊಳಕೈವರೆಗೆ ಬಂತು. ಜಡೆ ಒಂದು ಗೇಣು ಇಳಿಯಿತು. ಗಾದಿಲಿಂಗಪ್ಪನವರಿಗೆ ಕಾಲಿನ ಕಡೆ ಲಕ್ಷ್ಯವೇ ಇರಲಿಲ್ಲ, ಕಾಲು ತಾನಾಗಿ ನಡೆಯುತ್ತಿತ್ತು. ಲಕ್ಷ್ಯವೆಲ್ಲ ಕುರ್ಚಿಯಲ್ಲಿ ಕೂತವನ ಕಡೆ. ಅವನು ತಮ್ಮನ್ನು ಹೇಗೆ ನೋಡುತ್ತಿದ್ದಾನೆ? ಹೆಡ್‌ಮಾಸ್ತರ್ ಗಾದಿಲಿಂಗಪ್ಪ ಕೈಗೆ ಹಸಿರು ಹಗ್ಗ ಕಟ್ಟಿಸಿಕೊಂಡು ಕುಣಿಯುತ್ತಿದ್ದಾನೆ, ಕಟ್ಟಿದವನು ಇಂಥವನು. ಮೈಲಾರಪ್ಪನ ತುಟಿಯ ಮೂಲೆ ಸ್ವಲ್ಪ ಅಲುಗಿದಂತೆ ಕಂಡಿತು. ಆ ಹೊತ್ತಿಗೆ ದೊಡ್ಡಬಸಮ್ಮ ಮತ್ತೆ ಎದುರಿಗಿದ್ದರು. ಒಳಗೋ ಹೊರಗೋ. ಹೊರಗೆ ಹೋದರು. ಹೋದ ಮರುಕ್ಷಣವೇ ಅದು ಒಳಗಾಗಬೇಕಿತ್ತೆಂದು ಅವರಿಗೆ ಗೊತ್ತಾಯಿತು. ನಿಲ್ಲಿ ಎನ್ನಬಹುದಾಗಿತ್ತು. ಅನ್ನಲಿಲ್ಲ. ತಾಳ ನಡೆದೇ ಇತ್ತು, ಯಾರೂ ನೋಡಿಲ್ಲ ಎಂಬ ಒಂದು ಹಾಳು ಆಸೆಯಲ್ಲಿ ಅವರೂ ನಡೆದರು.

ಬಿಚ್ಚಲು ತಿರುಗಿದ ಮೇಲೆ ಮೂರು ಸುತ್ತಿಗೆ ಎಲ್ಲ ನಿಂತಿತು. ವಕೀಲರು ಒಂದು ಕಡೆ ಎಳೆದರು, ದೊಡ್ಡಬಸಮ್ಮ ಇನ್ನೊಂದು ಕಡೆ. ಒಬ್ಬರಿಗೊಬ್ಬರು ಹಗ್ಗದಲ್ಲಿ ಸಿಕ್ಕು ಎಂಟು ಜನ ಮುದುಕರು ಒಂದೇ ಕಡೆ ಗುಂಪಾಗಿ ನಿಂತರು. ಓಬಣ್ಣ ಕೋಲು ಕೆಳಗಿಟ್ಟ. ತಲೆಯೆತ್ತಿ ಜಡೆ ನೋಡಿದ. ಆಮೇಲೆ ತಲೆ ಇಳಿಸಿದ, ಯಾರನ್ನೂ ನೋಡಲಿಲ್ಲ.

“ಏನಲೇ ಓಬ್ಯಾ,” ಎಂದರು ಮೈಲಾರಪ್ಪ, ಬೈಯುವ ದನಿಯೇನಲ್ಲ, ನಗುವ ದನಿ. “ನಾಕು ತಿಂಗಳು ಇದನ್ನ ಕಲಿಸಿದ್ಯಾ? ವಯಸ್ಸಾದೋರ್ನ ಹಗ್ಗದಾಗ ಸುತ್ತಿ ಕೆಡವಿದ್ರ ಯಾರು ಜವಾಬ್ದಾರಿ?”

“ಇದು ಆಟ ತೋರ್ಸೋದಲ್ರಿ ಸಾವ್ಕಾರ್ರ, ಇದೊಂದು ಚಿಕಿತ್ಸಿ,” ಎಂದು ಡಾಕ್ಟರು ಶುರುಮಾಡಿದರು. ಮೈಲಾರಪ್ಪ ಕೈಯೆತ್ತಿ ತಡೆದು, “ಅಂವ ಹೇಳ್ಲಿ” ಎಂದರು.

ಓಬಣ್ಣ ಹೋಗಿ ದೊಡ್ಡಬಸಮ್ಮನ ಹಗ್ಗ ಸಡಿಲಿಸತೊಡಗಿದ. ಹೇಳಬೇಕಾದವರು ಗಾದಿಲಿಂಗಪ್ಪನವರು. ಈಗ ಹೇಳಬೇಕು. ಈಗ ಹೇಳದಿದ್ದರೆ ಮುಗಿಯಿತು. ಅವರು ಬಾಯಿ ತೆರೆದರು. ಎಷ್ಟೋ ದಿನ ಹಿತ್ತಲ ಕಟ್ಟೆಯ ಮೇಲೆ ಕೂತು ಬಾಲ ಕತ್ತರಿಸಿ ಜೋಡಿಸಿಟ್ಟುಕೊಂಡ ಮಾತುಗಳೇ ಬಾಯಿಯ ತುಂಬ ಇದ್ದವು, ಬೇರೆ ಥರದ ಮಾತು ಅಲ್ಲಿ ಉಳಿದಿರಲಿಲ್ಲ.

“ತಪ್ಪಾಗೈತಿ,” ಎಂದರು.

ಗಟ್ಟಿಯಾಗಿಯೇ ಬಂತು, ತರಗತಿಯ ದನಿಯಲ್ಲಿ. ಮೈಲಾರಪ್ಪ ಎದ್ದು ನಿಂತರು. “ನೋಡ್ರಿ ಡಾಕ್ಟ್ರ. ಹೆಡ್‌ಮಾಸ್ತರ್ರ ಹೇಳಾಕತ್ತಾರ. ಕಲಿಸೋದು ಅಂದ್ರ ಏನು ಅಂತ ಅವರಿಗೆ ಗೊತ್ತಿಲ್ಲೇನು? ಅಂವಂದು ತಪ್ಪಾಗೈತಿ. ಸಾಕಿನ್ನ. ನಾಳಿಂದ ಮೂಟಿ ಬರ್ತಾವು. ಮಧ್ಯಾಹ್ನಕ್ಕ ಕೀಲಿಕೈ ಕೆಳಗ ತಂದು ಕೊಡಾಕ ಹೇಳ್ರಿ ಅವಂಗ.” ಗಾದಿಲಿಂಗಪ್ಪನವರ ಬಾಯಿ ಇನ್ನೂ ತೆರೆದೇ ಇತ್ತು. ಅವನದಲ್ಲ ಎಂದು ಹೇಳಲು ಹೋದರೆ ಅವನ ಎನ್ನಬೇಕೋ ಅವರ ಎನ್ನಬೇಕೋ ಎಂಬಲ್ಲಿ ನಾಲಿಗೆ ಒಂದು ಗಳಿಗೆ ತಡವರಿಸಿತು, ಅಷ್ಟರಲ್ಲಿ ಮೆಟ್ಟಿಲ ಮೇಲೆ ಮೈಲಾರಪ್ಪನ ಚಪ್ಪಲಿಯ ಸದ್ದು ಇಳಿದುಹೋಗಿತ್ತು. ಡಾಕ್ಟರು ಹಿಂದೆಯೇ ಓಡಿದರು. ಉಳಿದವರು ಹಗ್ಗ ಬಿಡಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಒಬ್ಬೊಬ್ಬರಾಗಿ ಹೋದರು. ದೊಡ್ಡಬಸಮ್ಮ ಮಾತ್ರ ಬಾಗಿಲಲ್ಲಿ ನಿಂತು, “ಬರ್ತೀನ್ರಿ ಮಾಸ್ತರ್ರ” ಎಂದು ಓಬಣ್ಣನಿಗೆ ಕೈ ಮುಗಿದು ಇಳಿದರು.

ಗಾದಿಲಿಂಗಪ್ಪನವರ ಕೈಗೆ ಹಗ್ಗ ಕಟ್ಟಿಯೇ ಇತ್ತು, ಒಂದೇ ಕೈಯಲ್ಲಿ ಬಿಚ್ಚಲು ಬರುತ್ತಿರಲಿಲ್ಲ. ಓಬಣ್ಣ ಬಂದ. ಈ ಸಲ ಕಾಯಲಿಲ್ಲ, ಮಣಿಕಟ್ಟು ಹಿಡಿದು ಬಿಚ್ಚತೊಡಗಿದ.

“ದೊಡ್ಡಬಸಮ್ಮ ಎದುರು ಬಂದಾಗ ನಾನ ಹೊರಗ ಹೋದೆ,” ಎಂದರು ಗಾದಿಲಿಂಗಪ್ಪನವರು.

“ಗೊತ್ತೈತ್ರಿ. ಹಸಿರು ಹಗ್ಗ ಮ್ಯಾಲೈತಿ.”

“ಮತ್ತ ಅವಾಗ ಹೇಳಬಹುದಿತ್ತು.”

“ನಾ ಹೇಳಿದ್ರ ಯಾರು ಕೇಳ್ತಾರ್ರಿ? ನೀವು ಹೇಳಿದ್ರಿ, ಕೇಳಿದ್ರು.” ಹಗ್ಗ ಕೈಯಿಂದ ಜಾರಿತು. ಅವನು ಒಂದು ಸ್ಟೂಲು ಎಳೆದು ಹತ್ತಿ ನಿಂತು, ಮೇಲಿನಿಂದ ಜಡೆಯನ್ನು ಎಳೆಎಳೆಯಾಗಿ ಬಿಡಿಸತೊಡಗಿದ, ಇವರು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ.

ಮೆಟ್ಟಿಲು ಹೇಗೆ ಇಳಿದರೋ ಅವರಿಗೆ ತಿಳಿಯದು. ಬ್ರೂಸ್‌ಪೇಟೆ ಆಗಲೇ ತುಂಬಿತ್ತು. ತಳ್ಳುಬಂಡಿಗಳು, ತೆಲುಗಿನಲ್ಲಿ ಚೌಕಾಸಿ ಮಾಡುವ ಆಲೂರಿನ ಕಡೆಯ ಹೆಂಗಸರು, ಯಾರದೋ ಸೈಕಲ್ಲಿನ ಗಂಟೆ. ಹೇಳಬೇಕಾದ ವಾಕ್ಯವನ್ನು ಅವರು ಈ ಸಲ ಪೂರ್ತಿಯಾಗಿ ಕಟ್ಟಿದ್ದರು, ಕರ್ತೃ ಮೊದಲು. ಅಂಗಡಿಯ ಮುಂಭಾಗ ಆ ಕಡೆಯ ಬೀದಿಗಿತ್ತು, ಸುತ್ತಿ ಹೋಗಬೇಕು. ಹೋದರು. ಮೈಲಾರಪ್ಪ ಗಾದಿಯ ಮೇಲೆ ಕೂತಿದ್ದರು, ಸುತ್ತ ನಾಲ್ಕೈದು ಜನ ದಲಾಲರು. ಗಾದಿಲಿಂಗಪ್ಪನವರು ಒಳಗೆ ಕಾಲಿಟ್ಟವರೇ ಏದುಸಿರು ಬಿಡುತ್ತ ಹೇಳಿದರು: “ನಾನು ತಪ್ಪು ಮಾಡಿದೆ ಸಾವ್ಕಾರ್ರ. ಗಂಟು ಬಿದ್ದಿದ್ದು ನನ್ನಿಂದ. ಕಲಿಸಿದ್ದು ಸರಿ ಐತಿ. ತಪ್ಪಿ ನಡದೋನು ನಾನು.”

ಮೈಲಾರಪ್ಪನ ಮುಖದಲ್ಲಿ ನಿಜವಾದ ಗೌರವ ಮೂಡಿತು. ಎದ್ದು ಬಂದು ತೋಳು ಹಿಡಿದು ಗಾದಿಯ ಮೇಲೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. “ನೋಡ್ರೆಪಾ,” ಎಂದರು ದಲಾಲರಿಗೆ, “ಗುರು ಅಂದ್ರ ಇವರು. ಒಬ್ಬ ಹಮಾಲನ ಕೆಲಸ ಉಳಿಸಾಕ ಈ ವಯಸ್ಸಿನಾಗ ತಮ್ಮ ಮ್ಯಾಲ ತಪ್ಪು ಹಾಕ್ಕೊಂಡು ಓಡಿ ಬಂದಾರ.”

“ಹಂಗಲ್ರಿ. ಇದು ಖರೇ ಮಾತು.”

“ಬಿಡ್ರಿ ಸರ, ನಿಮ್ಮ ಮನಸು ನಮಗ ಗೊತ್ತಿಲ್ಲೇನು. ಮತ್ತ ನೋಡ್ರಿ, ಕೋಲಿಲ್ದಂಗ ಅಷ್ಟು ದೂರ ಸುತ್ತಿ ನಡಕೊಂಡು ಬಂದೀರಿ. ಕಾಲು ಬೇಷಾಗೈತಿ. ಇನ್ನ ಆ ಕುಣಿತ ಯಾಕ ಬೇಕು ನಿಮಗ?” ದಲಾಲರು ತಲೆದೂಗಿದರು. ಪಕ್ಕದ ಹೋಟೆಲಿನಿಂದ ಚಹಾ ಬಂತು. ಗಾಜಿನ ಲೋಟ ಕೈಯಲ್ಲಿಟ್ಟರು. ಎಷ್ಟು ಹೇಳಿದರೆ ಅಷ್ಟು ದೊಡ್ಡವನಾಗುತ್ತ ಹೋಗುತ್ತೇನೆಂದು ಗಾದಿಲಿಂಗಪ್ಪನವರಿಗೆ ಅರ್ಥವಾಯಿತು. ಓಬಣ್ಣನ ತಪ್ಪೆಂಬ ಸುಳ್ಳನ್ನು ಈ ಸಾವ್ಕಾರರು ಒಂದೇ ಮಾತಿಗೆ ನಂಬಿದ್ದರು, ನಿಜಕ್ಕೆ ಚಹಾ ಕೊಡುತ್ತಿದ್ದರು. ಅವರಿಗೆ ಎದ್ದುಹೋಗಬೇಕೆನಿಸಿತು. ಗಾದಿ ತಗ್ಗಿನಲ್ಲಿತ್ತು, ಒಂದು ಕೈಯಲ್ಲಿ ಲೋಟ, ಯಾರಾದರೂ ಹಿಡಿಯದೆ ಏಳಲಾಗಲಿಲ್ಲ.

ಹಾಗೆ ಕೂತಿದ್ದಾಗ ಓಬಣ್ಣ ಕೀಲಿಕೈ ಕೊಡಲು ಬಂದ. ಹೆಗಲ ಮೇಲೆ ಎಂಟು ಹಗ್ಗಗಳ ಸುರುಳಿ, ಕಂಕುಳಲ್ಲಿ ಕೋಲಿನ ಕಟ್ಟು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೇ ನಿಂತು, ಬಗ್ಗಿ, ಕೀಲಿಕೈಯನ್ನು ಹೊಸ್ತಿಲ ಮೇಲೆ ಇಟ್ಟ. ತಲೆಯೆತ್ತಿದಾಗ ಸಾವ್ಕಾರರ ಪಕ್ಕದಲ್ಲಿ ಚಹಾ ಹಿಡಿದು ಕೂತ ಗಾದಿಲಿಂಗಪ್ಪನವರು ಕಂಡರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾಲ್ಕು ತಿಂಗಳಲ್ಲಿ ಓಬಣ್ಣ ಅವರ ಮುಖ ನೋಡಿದ್ದು ಅದೇ ಮೊದಲು.

“ಲೇ,” ಎಂದರು ಮೈಲಾರಪ್ಪ, “ನಿನ್ನ ಸಲುವಾಗಿ ಹೆಡ್‌ಮಾಸ್ತರ್ರು ಇಲ್ಲಿತನಕ ಬಂದು ಸುಳ್ಳು ಹೇಳ್ಯಾರ. ತಪ್ಪು ತಮ್ಮದ ಅಂತಾರ. ಕಾಲಿಗೆ ಬಿದ್ದು ಹೋಗು.”

ಓಬಣ್ಣ ಬೀಳಲಿಲ್ಲ. ಹೆಗಲ ಮೇಲಿನ ಹಗ್ಗವನ್ನು ಸರಿಪಡಿಸಿಕೊಂಡ. “ಸುಳ್ಳಲ್ರಿ ಅದು,” ಎಂದ ಮೆಲ್ಲಗೆ, ಸಾವ್ಕಾರರಿಗಲ್ಲ, ಗಾದಿಲಿಂಗಪ್ಪನವರಿಗೆ. “ಖರೇ ಐತಿ. ಹೇಳಾಕ ಇಪ್ಪತ್ತೊಂದು ವರ್ಷ ಹಿಡೀತು.” ಅಷ್ಟು ಹೇಳಿ ಬೀದಿಗೆ ಇಳಿದು ಜನರ ನಡುವೆ ಹೊರಟುಹೋದ. ಕೋಲಿನ ಕಟ್ಟು ಒಂದೆರಡು ಹೆಜ್ಜೆಯ ತನಕ ಕಂಡಿತು, ಆಮೇಲೆ ಕಾಣಲಿಲ್ಲ.

ಅಂಗಡಿಯಲ್ಲಿ ಯಾರಿಗೂ ಸರಿಯಾಗಿ ಕೇಳಿಸಿರಲಿಲ್ಲ. ಮೈಲಾರಪ್ಪ ಹುಬ್ಬು ಗಂಟು ಹಾಕಿ, “ಏನಂದ ಅಂವ?” ಎಂದು ಕೇಳಿದರು.

ಗಾದಿಲಿಂಗಪ್ಪನವರು ಚಹಾ ಕುಡಿಯದೆ ಲೋಟವನ್ನು ಗಾದಿಯ ಆಚೆ ನೆಲಕ್ಕಿಟ್ಟರು.

“ಅಂದ ಅಲ್ರಿ,” ಎಂದರು. “ಅಂದ್ರು.”

ದಲಾಲರಲ್ಲಿ ಒಬ್ಬ ತಲೆಯೆತ್ತಿ ಅವರನ್ನು ನೋಡಿದ. ಮೈಲಾರಪ್ಪ ನಿಧಾನವಾಗಿ ತಮ್ಮ ಮೊಣಕಾಲನ್ನು ಆ ಕಡೆ ಸರಿಸಿಕೊಂಡು, ಗಾದಿಯ ಮೇಲೆ ಇಬ್ಬರ ನಡುವೆ ಒಂದಿಷ್ಟು ಜಾಗ ಮಾಡಿದರು.